ಜೋಳದಕ್ಕಿಗೆ ನಾನಿಟ್ಟ ಮುಹೂರ್ತ

ಯುದ್ಧದ ಕಾಲದಲ್ಲಿ ನಾನು ಜಗಳೂರು ಸೀಮೆಯ ಸೊಕ್ಕೆಯಲ್ಲಿ ಮೇಷ್ಟ್ರಾಗಿದ್ದೆ. ಊಟ, ಬೈಗುಳ ಎರಡೂ ಅದೇ ಊರಿನ ಸೋದರತ್ತೆಯ ಮನೆಯಲ್ಲಿ.

ವರ್ಷ ವರ್ಷವೂ ಉತ್ತರದಿಂದ ಜೋಳದಕ್ಕಿಯ ಹಿಂಡು ಬಂದು ನಮ್ಮ ಹೊಲಗಳಿಗೆ ಇಳಿಯುತ್ತಿತ್ತು. ಕಪ್ಪು ತಲೆ, ಗುಲಾಬಿ ಮೈ. ಹಿಮಾಲಯದಾಚೆಯಿಂದ ಬರುತ್ತವೆಂದು ಎಲ್ಲೋ ಓದಿದ್ದೆ. ಓದಿದ ಮೇಲೆ ಸುಮ್ಮನಿರುವ ಪೈಕಿಯಲ್ಲ ನಾನು. ಬಂದ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೊದಲ ವರ್ಷ ದೀಪಾವಳಿ ಅಮಾವಾಸ್ಯೆಯಾಗಿ ನಾಲ್ಕನೇ ದಿನ, ಮರುವರ್ಷ ಹದಿನೈದನೇ ದಿನ. ಎರಡು ಸಾಲು ಬರೆದದ್ದೇ ನನಗೆ ಶಾಸ್ತ್ರ ಸಿದ್ಧಿಸಿತು. ವರ್ಷಕ್ಕೆ ಹನ್ನೊಂದು ದಿನ ತಡ, ಹಾಗಾಗಿ ಮೂರನೇ ವರ್ಷ ಇಪ್ಪತ್ತಾರನೇ ದಿನ. ಕಾರಣವನ್ನೂ ಕಂಡುಹಿಡಿದೆ: ದಾರಿಯಲ್ಲಿ ಯುದ್ಧ, ಪಾಪ, ಸುತ್ತು ಹಾಕಿ ಬರುತ್ತಿವೆ!

ಆ ಮೂರನೇ ವರ್ಷ, ಹಬ್ಬಕ್ಕೆ ಎಂಟು ದಿನವಿರುವಾಗ ನ್ಯಾಮತಿಯಿಂದ ಸುದ್ದಿ ಬಂತು. ಅತ್ತೆಯ ಮಗಳಿಗೆ ದಿನ ತುಂಬಿತ್ತು. ಇತ್ತ ಹೊಲದಲ್ಲಿ ತೆನೆ ಹಾಲುಗಟ್ಟಿತ್ತು. ಅತ್ತೆಗೆ ವರ್ಷದ ಕೂಳು ಅದೊಂದೇ ಹೊಲ, ಕಾಯಲು ಬೇರೆ ಯಾರೂ ಇಲ್ಲ.

“ಹಕ್ಕಿ ಬಂದ್ರೆ ಹೆಂಗೋ ಅಳಿಯಾ?”

“ಇನ್ನೂ ತಿಂಗಳ ಮೇಲೆ ಐತತ್ತೆ. ಆರಾಮಾಗಿ ಹೋಗಿ ಬಾ.”

“ತೆನೆ ಹಾಲುಗಟ್ಟಿದ್ರೆ ಹಕ್ಕಿ ಬಂತು ಅಂತಿದ್ದ ನಮ್ಮಪ್ಪ.”

“ಅಜ್ಜ ಅದನ್ನ ಬರೆದಿಟ್ಟಿದ್ನೇನು?” ಎಂದು ನೋಟ್‌ಬುಕ್ಕು ಬಿಚ್ಚಿ ತೋರಿಸಿದೆ. ಅಕ್ಷರ ಬಾರದ ಅತ್ತೆ ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಮರುದಿನ, ಪೆಟ್ರೋಲಿಗೆ ಬರವೆಂದು ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿದಳು.

ಹಬ್ಬಕ್ಕೆ ಇನ್ನೂ ಮೂರು ದಿನವಿತ್ತು. ಪಕ್ಕದ ಹೊಲದ ಸಾಬರು ಶಾಲೆಯ ಬಾಗಿಲಿಗೆ ಬಂದು ನಿಂತರು.

“ಮೇಷ್ಟ್ರೇ, ನಿಮ್ಮ ಹಕ್ಕಿ ಬಂದಾವ್ರೀ.”

“ಅವು ಬೇರೆ ಇರ್ಬೇಕು ಸಾಬ್ರೇ. ನಮ್ಮವು ಬರಾಕೆ ಇನ್ನೂ ತಿಂಗಳೈತೆ.”

“ಇರಬೌದು ಬಿಡ್ರಿ. ಆದ್ರೆ ಇವೂ ಜೋಳಾನೇ ತಿಂತಾವ್ರೀ.”

ಓಡಿದೆ. ಹೊಲದ ಮೇಲೆ ಗುಲಾಬಿ ಕಂಬಳಿ ಹಾಸಿದಂತಿತ್ತು. ನನ್ನ ಕವಣೆಯಿಂದ ಹೊರಟ ಮೊದಲ ಕಲ್ಲು ಹಿಂದಿದ್ದ ಸಾಬರ ಮೊಣಕಾಲಿಗೆ ಬಡಿಯಿತು. ಅವರು ಕವಣೆ ಕಿತ್ತುಕೊಂಡು, “ನೀವು ಬರೇ ಕೂಗ್ರಿ. ಅದು ನಿಮಗೆ ಬರ್ತೈತೆ” ಎಂದರು. ಹತ್ತು ದಿನ ಬೆಳಿಗ್ಗೆ ಸಂಜೆ ಕೂಗಿದೆ. ಗಂಟಲು ಹೋಗಿ ಶಾಲೆಯಲ್ಲಿ ಮಗ್ಗಿಯನ್ನು ಕೈಸನ್ನೆಯಲ್ಲಿ ಹೇಳಿಕೊಟ್ಟೆ. ಆದರೂ ಅರ್ಧ ಹೊಲ ಬರೀ ದಂಟಾಗಿ ನಿಂತಿತು.

ಮೊಮ್ಮಗನನ್ನು ಕಂಡು ಬಂದ ಅತ್ತೆ ಹೊಲವನ್ನು ಒಂದು ಸುತ್ತು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ವರ್ಷಾ ವರ್ಷಾ ಹಿಂದಕ್ಕೆ ಸರಿಯೋದು ಹಬ್ಬ ಕಣೋ, ಹಕ್ಕಿಯಲ್ಲ. ಹಕ್ಕಿ ಬಿಸಿಲು ನೋಡ್ಕಂಡು ಬರ್ತೈತೆ. ಈ ಸಲ ಎರಡು ಜ್ಯೇಷ್ಠ ಬಂದು ಹಬ್ಬ ತಿರುಗಿ ಮುಂದಕ್ಕೋತು. ಅಧಿಕ ಮಾಸದ ಪೂಜೇಲಿ ಎರಡೆರಡು ಹೋಳಿಗೆ ತಿಂದ್ಯಲ್ಲ, ಅವಾಗ ಗೊತ್ತಾಗ್ಲಿಲ್ವಾ?”

ತಿಂದದ್ದು ನೆನಪಿತ್ತು. ಯಾಕೆ ಬಡಿಸಿದರೆಂದು ಬರೆದಿಟ್ಟಿರಲಿಲ್ಲ.

ಜೋಳ ಶಿವರಾತ್ರಿಗೇ ಮುಗಿಯಿತು. ಆಮೇಲೆ ಮನೆಯಲ್ಲಿ ದಿನವೂ ನವಣೆ. ಆ ವರ್ಷ ನನ್ನ ಮೇಲೆ ಮುನಿಸಿಲ್ಲದೆ ಇದ್ದವೆಂದರೆ ಅತ್ತೆಯ ಎರಡು ಎತ್ತುಗಳು ಮಾತ್ರ. ತೆನೆ ಹೋದರೂ ಮೇವಿಗೆ ಸೊಪ್ಪೆ ಪೂರಾ ಉಳಿದಿತ್ತಲ್ಲ.