ಭೀಮಶಾನ ಎರಡು ಗಡಿಗೆ

ಬಸವಕಲ್ಯಾಣದ ನಮ್ಮ ಓಣಿಯ ತುದಿಗೆ ಸುಣಗಾರ ಭೀಮಶಾನ ಭಟ್ಟಿ ಇತ್ತು. ತ್ರಿಪುರಾಂತ ಕೆರೆಯ ದಂಡೆಯಲ್ಲಿ ಬಿದ್ದ ಶಂಖದ ಹುಳದ ಚಿಪ್ಪು, ಸಿಂಪಿ ಆರಿಸಿ ತಂದು ಸುಟ್ಟು, ಎಲೆ-ಅಡಿಕೆಗೆ ಹಚ್ಚುವ ಸುಣ್ಣ ಮಾಡಿ ಹುಮನಾಬಾದ್ ಸಂತೆಯಲ್ಲಿ ಮಾರುತ್ತಿದ್ದ. ೧೯೮೨ರವರೆಗೂ ಅದೇ ಕಸುಬು. ಜೀವ ಇದ್ದದ್ದನ್ನು ಸುಡಬಾರದು ಎಂದು ಅವನ ಅಪ್ಪ ಕಟ್ಟಳೆ ಹಾಕಿಕೊಟ್ಟಿದ್ದ. ಅದಕ್ಕೇ ಬುಟ್ಟಿಯನ್ನು ನೀರಿನಲ್ಲಿಟ್ಟು ಅರ್ಧ ತಾಸು ಕಾಯುವನು. ತಲೆ ಹೊರಗೆ ಹಾಕಿದ ಶಂಖದ ಹುಳ, ಎರಡೂ ಚಿಪ್ಪು ಬಿಗಿಹಿಡಿದ ಸಿಂಪಿ ಮರಳಿ ಕೆರೆಗೆ ಹೋಗುತ್ತಿದ್ದವು.

೧೯೬೪ರಲ್ಲಿ ಅವನ ಹೆಂಡತಿ ಸೂಗಮ್ಮನ ಮೊದಲ ಕೂಸು ಹನ್ನೊಂದು ದಿನಕ್ಕೆ ತೀರಿಕೊಂಡಿತು. ಆ ಮಳೆಗಾಲ ಅವರ ಹಸಿಗೋಡೆಯ ತುಂಬ ಸಿಂಬಳದ ಹುಳ. ಶಂಖದ ಹುಳದ ಹಾಗೆಯೇ ಕೋಡು, ಅದೇ ಲೋಳೆ, ಬೆನ್ನ ಮೇಲೆ ಚಿಪ್ಪು ಮಾತ್ರ ಇಲ್ಲ. ಎದುರುಮನೆಯ ತುಳಜಾಬಾಯಿಗೆ ಬಾಯಿ ಮುಚ್ಚಿಕೊಂಡಿರುವುದು ಗೊತ್ತೇ ಇರಲಿಲ್ಲ. ಭೀಮಶಾ ಯಾವುದರ ಚಿಪ್ಪಿನ ಮನೆ ಸುಟ್ಟನೋ ಆ ಹುಳಗಳೇ ಇವು, ತಮ್ಮ ಮನೆ ಕೇಳಲು ಬಂದಿವೆ, ಕೂಸನ್ನು ಒಯ್ದದ್ದೂ ಇವುಗಳ ಶಾಪವೇ ಎಂದುಬಿಟ್ಟಳು. ಪಕ್ಕದ ನಮ್ಮ ಗೋಡೆಯ ಮೇಲೂ ಅವು ಹರಿದಾಡುತ್ತಿದ್ದವು, ನಾವೇನು ಸುಣ್ಣ ಸುಡುತ್ತಿದ್ದೆವೇ? ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಸೂಗಮ್ಮ ನಂಬಿದಳು. ಭಟ್ಟಿ ಮುಚ್ಚದಿದ್ದರೆ ನಿಮ್ಮ ಮನೆಯಲ್ಲಿ ಇನ್ನೊಂದು ಕೂಸು ಹಡೆಯುವುದಿಲ್ಲ ಎಂದು ರಾಜೇಶ್ವರದ ತವರಿಗೆ ಹೊರಡಲು ಗಂಟು ಕಟ್ಟಿದಳು. ಭೀಮಶಾ ಒಂದು ತಿಂಗಳು ತಡಿ ಎಂದು ಕೈಮುಗಿದ. ನಿಜ ಹೇಳಬೇಕೆಂದರೆ ಅವನಿಗೂ ಒಳಗೆ ಅಳುಕಿತ್ತು.

ಅವನು ಎರಡು ಗಡಿಗೆಗೆ ಹಸಿಮಣ್ಣು, ಸೊಪ್ಪು ತುಂಬಿದ. ಒಂದರಲ್ಲಿ ಬೇಲಿಯ ಶಂಖದ ಹುಳ ಬಿಟ್ಟ, ಇನ್ನೊಂದರಲ್ಲಿ ಗೋಡೆಯ ಸಿಂಬಳದ ಹುಳ. ಬಾಯಿಗೆ ಅರಿವೆ ಕಟ್ಟಿದ. ಮಣ್ಣಿನಲ್ಲಿ ಮೊಟ್ಟೆ ಕಂಡ ಕೂಡಲೇ ದೊಡ್ಡವನ್ನು ಹೊರಗೆ ತೆಗೆದು, ದಿನಾ ನೀರು ಚಿಮುಕಿಸುತ್ತ ಕಾದ. ಹುಳ ಸಾಕುವ ಗಂಡಸೆಂದು ಓಣಿಯೆಲ್ಲ ನಕ್ಕಿತು. ನಾನೂ ನಕ್ಕವಳೇ.

ತಿಂಗಳು ತುಂಬಲು ನಾಲ್ಕು ದಿನ ಇರುವಾಗ ಮೊದಲಿನ ಗಡಿಗೆಯ ಮೊಟ್ಟೆ ಒಡೆದವು, ಎರಡು ದಿನ ಬಿಟ್ಟು ಎರಡನೆಯದರವು. ಭೀಮಶಾ ಹೆಂಡತಿಯನ್ನು ಅಂಗಳಕ್ಕೆ ಕರೆದ. ಶಂಖದ ಹುಳದ ಮರಿಗಳ ಬೆನ್ನ ಮೇಲೆ ಆಗಲೇ ಸಾಸಿವೆಯಷ್ಟು ಚಿಪ್ಪು ಇತ್ತು. ಇನ್ನೊಂದರ ಮರಿಗಳು ಬರಿಮೈಯವು.

"ನೋಡು, ಇವಕ್ಕ ಹುಟ್ಟತಾನೇ ಮನಿ ಅದ, ಮೈಗೇ ಹತ್ತಿ ಬೆಳಿತದ. ಬಿಟ್ಟು ಹೋಗಾಕ ಬರೂದಿಲ್ಲ," ಎಂದ ಭೀಮಶಾ. "ಅವಕ್ಕ ಹುಟ್ಟತಾನೇ ಇಲ್ಲ. ನಾ ಯಾರ ಮನೀನೂ ಕಸಗೊಂಡಿಲ್ಲ."

ಸೂಗಮ್ಮ ಎರಡೂ ಗಡಿಗೆಯಲ್ಲಿ ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು, "ಹಂಗಾರ ನಮ್ಮ ಕೂಸು ಯಾರ ಶಾಪಕ್ಕ ಹೋಯ್ತ್ರಿ?"

"ಯಾರ ಶಾಪಕ್ಕೂ ಅಲ್ಲ. ಜ್ವರ ಬಂತು, ಹೋಯ್ತು."

ಅಷ್ಟು ದಿನ ಬರೀ ಹೆದರಿಕೆಯಲ್ಲಿ ಕಳೆದ ಸೂಗಮ್ಮ ಅಲ್ಲೇ ಕುಳಿತು, ಮೊದಲ ಸಲ ಕೂಸಿಗಾಗಿ ಅತ್ತಳು. ಭೀಮಶಾ ಅವಳ ಪಕ್ಕದಲ್ಲೇ ಕುಳಿತ. ಅಳುವುದು ಅವನಿಗೂ ಬಾಕಿ ಇತ್ತು.