ರಷ್ಯಾದ ರಾಜನ ಮನೆಯವಳ ಜಡೆ

ಮೊಮ್ಮಗಳು ಸೇಡಂ ಕಾಲೇಜಿನ ಲೈಬ್ರರಿಯಿಂದ ಒಂದು ಪುಸ್ತಕ ತಂದು ಮಂಚದ ಮೇಲೆ ಒಗೆದು ಹೋಗಿದ್ದಳು. ರಷ್ಯಾದ ರಾಜಮನೆತನದ ಹೆಣ್ಣುಮಗಳೊಬ್ಬಳು ದೇಶ ಬಿಟ್ಟು ಓಡಿದ ಮೇಲೆ ತನ್ನ ಕಥೆ ತಾನೇ ಬರೆದುಕೊಂಡದ್ದು, ಯಾರೋ ಕನ್ನಡಕ್ಕೆ ತಂದದ್ದು. ನಾನು ಓದಿದ್ದು ನಾಲ್ಕನೇ ತರಗತಿ. ಬಾಯಿ ಬಿಟ್ಟು ಓದದಿದ್ದರೆ ತಲೆಗೆ ಹತ್ತುವುದಿಲ್ಲ. ಮೇಲಾಗಿ ಎಡಗಣ್ಣಿಗೆ ಪರೆ ಬಂದಿದೆ. ಒಂದು ಪುಟ ಮುಗಿಯುವಷ್ಟರಲ್ಲಿ ಚಹಾ ಆರಿಹೋಗುತ್ತದೆ.

ನನ್ನ ಓದು ಕೇಳುವವಳು ಒಬ್ಬಳೇ, ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು, ಆಮೇಲೆ ಮಂಚ ಬಿಟ್ಟು ಎದ್ದಿಲ್ಲ. ಆಡಕಿ ಕಡೆಯ ದೊಡ್ಡ ಗೌಡರ ಮಗಳು. ತವರಲ್ಲಿ ಇವಳ ತಲೆ ಬಾಚಲಿಕ್ಕೇ ಒಬ್ಬ ಆಳು ಹೆಂಗಸಿದ್ದಳಂತೆ. ಈಗ ಆ ಆಳು ನಾನು. ಸೊಸೆಯೂ ಬೇಡ, ಮೊಮ್ಮಗಳೂ ಬೇಡ, ಜಗ್ಗುತ್ತಾರಂತೆ. ನನಗೂ ಎಪ್ಪತ್ತು ದಾಟಿದೆ, ಕೈ ಭುಜದ ಮೇಲೆ ಏಳುವುದಿಲ್ಲ ಎಂಬುದು ಅವಳಿಗೆ ಲೆಕ್ಕಕ್ಕಿಲ್ಲ.

ಪರೆ ತೆಗೆಸದಿದ್ದರೆ ಕಣ್ಣು ಹೋಗುತ್ತದೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ತೆಗೆಸಿದ ಮೇಲೆ ಒಂದು ತಿಂಗಳು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಮಗ ವಾಡಿಯ ಸಿಮೆಂಟ್ ಕಾರ್ಖಾನೆಗೆ, ಸೊಸೆ ಅಂಗನವಾಡಿಗೆ, ಮೊಮ್ಮಗಳು ಕಾಲೇಜಿಗೆ ಹೋದರೆ ಇಡೀ ದಿನ ನಾವಿಬ್ಬರೇ. ಪಕ್ಕದ ಮನೆಯ ಹೆಂಗಸು ತಾನು ಬಂದು ನೋಡಿಕೊಳ್ಳುತ್ತೇನೆ ಎಂದಳು. ನೆಗೆಣ್ಣಿ ಒಪ್ಪಲಿಲ್ಲ. ಆಸ್ಪತ್ರೆಯ ತಾರೀಖು ಒಮ್ಮೆ ತಪ್ಪಿತು, ಇನ್ನೊಮ್ಮೆಯೂ ತಪ್ಪುವ ಹಾಗಿತ್ತು.

ಆ ದಿನ ಓದಿದ ಪುಟದಲ್ಲಿ ರಾಜನ ಮನೆಯವಳು ಪರದೇಶದ ಬಾಡಿಗೆ ಕೋಣೆಗೆ ಬಂದಿದ್ದಳು. ಮುಂಜಾನೆ ತಲೆ ಬಾಚಲು ಕೂತರೆ ಜಡೆ ಹೆಣೆಯಲು ಬರಲಿಲ್ಲ. ಹುಟ್ಟಿದಾಗಿನಿಂದ ದಾಸಿಯರೇ ಹೆಣೆದದ್ದು. ಮಧ್ಯಾಹ್ನದವರೆಗೆ ಅತ್ತು, ಆಮೇಲೆ ಹೇಗೋ ಕಲಿತಳು. ಸತ್ತ ಬಂಧುಗಳ ಮಾತನ್ನು ಎರಡು ಸಾಲಿನಲ್ಲಿ ಮುಗಿಸಿದವಳು ಜಡೆಗಾಗಿ ಇಡೀ ಪುಟ ಅತ್ತಿದ್ದಳು. ನನಗೆ ಸಿಟ್ಟು ಬಂತು.

“ಕೇಳಿದೇನಕ್ಕ? ರಾಜನ ಮನ್ಯಾಕಿನೇ ಕಲ್ತಾಳ. ನೀ ಬ್ಯಾರೆ ಒಬ್ಬಾಕಿಗಿ ಕೈ ಹಚ್ಚಗೊಡವಲ್ಲಿ.”

“ಆಕಿಗಿ ಯಾರೂ ಇರ್ಲಿಲ್ಲ. ನನಗ ನೀ ಇದ್ದಿ.”

“ನನ್ನ ಕಣ್ಣು ಹೋದ್ರ? ಕುರುಡಿ ಕೈಲಿ ಬಾಚಿಸ್ಕೋತಿ ಏನು?”

“ಈಗೇನ್ ಭಾಳ ಚಂದ ಬಾಚಲಿಕತ್ತೀ? ನಿನ್ನಿ ಬೈತಲಿ ಕಿವಿ ಮ್ಯಾಲ ತೆಗ್ದಿದ್ದಿ.”

ನಗಬಹುದಿತ್ತು. ನಗಲಿಕ್ಕೂ ಶಕ್ತಿ ಬೇಕು.

“ನಾ ಸೋತೀನಕ್ಕ,” ಎಂದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ರೊಟ್ಟಿ ಬಡಿಯಲು ಎದ್ದೆ.

ಉಣಿಸುವಾಗ ಅವಳೇ ಮಾತು ತೆಗೆದಳು.

“ನೀರು ಯಾರು ಹಾಕಿದ್ರೂ ನೀರೇ. ಬಾಜೂ ಮನ್ಯಾಕಿಗಿ ಬಾ ಅನ್ನು. ಖರೆ, ತಲಿ ಮಾತ್ರ ಮುಟ್ಟಬಾರ್ದು.”

“ತಿಂಗಳ ತನಕ ಬಾಚದೆ ಬಿಟ್ರ ಹೇನು ಮನಿ ಕಟ್ತಾವ.”

“ಹಂಗಂದ್ರ ಕತ್ರಿ ತಾ.”

ಚೇಷ್ಟೆ ಎಂದುಕೊಂಡೆ. ಅವಳು ದಿಂಬಿಗೆ ಒರಗಿ, ಜಡೆ ಬಿಚ್ಚಿಕೊಂಡು, ಕುತ್ತಿಗೆ ಬಗ್ಗಿಸಿ ಕೂತಳು. ಬಿಳಿ ಕೂದಲು ಇನ್ನೂ ನಡುವಿನ ತನಕ ಇತ್ತು. ಬೇಡ ಎನ್ನಲು ಬಾಯಿ ತೆರೆದೆ, ಅನ್ನಲಿಲ್ಲ. ಅಂದಿದ್ದರೆ ನಾಳೆಯೂ ನಾನೇ ಬಾಚಬೇಕಿತ್ತು. ಕತ್ತರಿಸಿದೆ. ಕಣ್ಣು ಕಂಡಷ್ಟು ಕತ್ತರಿಸಿದ್ದು, ಒಂದು ಕಡೆ ಕಿವಿಯ ತನಕ, ಇನ್ನೊಂದು ಕಡೆ ಗದ್ದದ ತನಕ ಆಯಿತು. ಅವಳು ಕನ್ನಡಿ ಕೇಳಲಿಲ್ಲ.

ಬಿದ್ದದ್ದನ್ನು ಗುಡಿಸಿ ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿ, ಏನು ಮಾಡಲಿ ಎಂದು ಕೇಳಿದೆ.

“ಕೂದ್ಲಾ ಕೊಳ್ಳಾಕಿ ಬರ್ತಾಳಲ್ಲ, ಆಕಿಗಿ ಹಾಕು. ಬದ್ಲಿ ಸ್ಟೀಲಿನ ಬೋಗಾಣಿ ತಗೋ, ಪ್ಲಾಸ್ಟಿಕ್ ಬ್ಯಾಡ.”

ಪುಸ್ತಕ ಮುಚ್ಚಿಟ್ಟೆ. ಮರುದಿನ ಆಸ್ಪತ್ರೆಯ ತಾರೀಖು. ಪಕ್ಕದ ಮನೆಯವಳು ನೀರು ಕಾಯಿಸುತ್ತಿದ್ದಾಗ ನಾನು ಬಸ್ಸು ಹತ್ತಿದೆ. ಕಲಬುರಗಿ ಬರುವ ತನಕ ನಿದ್ದೆ ಹೊಡೆದೆ.