ಲೈನಿಗೆ ಜೀಪ್ ನಿಲ್ಲಿಸಿದ ವಾರ

ಇರಾಕಿನ ಮೇಲೆ ದಿಗ್ಬಂಧನ ಹಾಕಿ ವರ್ಷಗಳಾಗಿದ್ದವು. ಔಷಧಿಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದ ಅಲ್ಲಿನ ಮಕ್ಕಳನ್ನು ಟೀವಿಯಲ್ಲಿ ನೋಡುತ್ತಾ ನಮ್ಮ ಸಾಹುಕಾರರು, "ದೊರೆ ಮಾಡಿದ ತಪ್ಪಿಗೆ ಮಕ್ಕಳನ್ನ ಸಾಯಿಸ್ತಾರಲ್ಲ, ಇವರೇನು ಮನುಷ್ಯರಾ ಮಾರಾಯ?" ಅಂದರು. ನಾನಾಗ ಮೂಡಿಗೆರೆ ಕಡೆಯ ಅವರ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ನೋಡುವ ರೈಟರ್. ಕೆಲಸದ ವರದಿ ಒಪ್ಪಿಸಲು ಹೋದವನು ಹೌದು ಹೌದು ಅಂತ ತಲೆಯಾಡಿಸಿದೆ. ನನಗೂ ಹೊಟ್ಟೆ ಉರಿದಿತ್ತು, ಸುಳ್ಳು ಯಾಕೆ ಹೇಳಲಿ.

ಅದೇ ವಾರ ಹಣ್ಣಿನ ಸಿಪ್ಪೆ ಸುಲಿದು ಕಣದಲ್ಲಿ ಒಣಗಿಸಿಟ್ಟಿದ್ದ ಪಾರ್ಚ್‌ಮೆಂಟ್ ಕಾಫಿ ಎರಡು ಮೂಟೆ ಕಳುವಾಯಿತು. ಇಂಥದ್ದಕ್ಕೆ ನಮ್ಮ ಎಸ್ಟೇಟಿನಲ್ಲಿ ಒಂದು ಹಳೇ ಮದ್ದಿತ್ತು. ಕಳ್ಳ ಸಿಗುವ ತನಕ ಕೂಲಿಯಾಳುಗಳಿರುವ ಲೈನಿನ ಎಲ್ಲಾ ಮನೆಗಳಿಗೂ ಎಸ್ಟೇಟಿನ ಜೀಪ್ ಬಂದ್. ಸಂತೆಗಿಲ್ಲ, ಆಸ್ಪತ್ರೆಗಿಲ್ಲ. ಬಸ್ ಸಿಗುವ ರಸ್ತೆಗೆ ಏಳು ಮೈಲಿ. "ಬಿಸಿ ಮುಟ್ಟಿದರೆ ಅವರೇ ಹಿಡಿದು ಕೊಡ್ತಾರೆ," ಅಂದರು ಸಾಹುಕಾರರು. ಲೈನಿನ ಮುಂದೆ ನಿಂತು ಆ ಆರ್ಡರ್ ಸಾರಿದ ದೊಡ್ಡ ಮನುಷ್ಯ ನಾನೇ.

ಮೂರನೇ ದಿನ ಬೆಳಿಗ್ಗೆ ಹಣ್ಣು ಕೊಯ್ಯುವ ಹೆಂಗಸೊಬ್ಬಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ವಾಂತಿ ಭೇದಿ, ಮಗು ಕಣ್ಣೇ ಬಿಡುತ್ತಿರಲಿಲ್ಲ. ಜೀಪಿನ ಕೀ ನನ್ನ ಜೇಬಿನಲ್ಲೇ ಇತ್ತು. ಆದರೂ ಹೇಡಿ ನನ್ಮಗ ನಾನು, ಅವಳನ್ನು ಬಂಗಲೆಗೆ ಕರೆದುಕೊಂಡು ಹೋದೆ.

"ಕದ್ದವರು ಯಾರು ಹೇಳು, ಈಗಲೇ ಜೀಪ್ ಹೊರಡುತ್ತೆ," ಅಂದರು ಸಾಹುಕಾರರು, ಪೇಪರಿನಿಂದ ತಲೆ ಎತ್ತದೆ.

ಅವಳು ಒಂದು ಗಳಿಗೆ ಮಗುವಿನ ಮುಖ ನೋಡಿದಳು. "ನಾನೇ ಕದ್ದಿದ್ದು," ಅಂದಳು.

ಜೀಪ್ ಹೋಯಿತು. ಮಗು ಉಳಿಯಿತು. "ನೋಡಿದ್ಯಾ, ಬಿಗಿ ಮಾಡಿದ್ರೆ ಹೇಗೆ ಬಾಯಿ ಬಿಡ್ತಾರೆ," ಅಂತ ಸಾಹುಕಾರರು ಬೀಗಿದರು. ಎರಡು ಮೂಟೆ ಕಾಫಿಯನ್ನು ಆ ಕಡ್ಡಿಯಂಥ ಹೆಂಗಸು ಹೊತ್ತುಕೊಂಡು ಹೋದಳಂತೆ, ಥೂ. ದೇಶಗಳ ಮೇಲೆ ದಿಗ್ಬಂಧನ ಹಾಕುವ ದೊಡ್ಡವರೂ ಹೀಗೇ ಬೀಗುತ್ತಾರೆ ಅಂತ ನನಗೆ ಗ್ಯಾರಂಟಿ. ತಪ್ಪು ಮಾಡಿದವನು ಮಾತ್ರ ಎಲ್ಲೋ ಆರಾಮಾಗಿ ಉಂಡು ಮಲಗಿರುತ್ತಾನೆ. ನಮ್ಮ ಕಳ್ಳನೂ ಸಿಗಲಿಲ್ಲ, ಅವನನ್ನು ಆಮೇಲೆ ಯಾರೂ ಹುಡುಕಲೂ ಇಲ್ಲ.

ಕಳುವಾದ ದಿನ ಅವಳು ಕಳಸದ ತವರುಮನೆಯಲ್ಲಿದ್ದಳು. ರಜ ಕೊಟ್ಟವನು ನಾನು. ಬಂಗಲೆಯಲ್ಲಿ ನಿಜ ಹೇಳಿದ್ದರೆ ಜೀಪ್ ನಿಲ್ಲುತ್ತಿತ್ತು, ಅದಕ್ಕೇ ಸುಮ್ಮನಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಮಗು ಗುಣವಾಗಿ ಬಂದ ಮೇಲೆ ಏನಾಗಿತ್ತು ನನಗೆ? ಅವಳ ಪಾತ್ರೆಪಗಡೆ ಅಂಗಳಕ್ಕೆ ಎಸೆದು ಲೈನ್ ಮನೆ ಖಾಲಿ ಮಾಡಿಸಿದಾಗ, ಪಕ್ಕದಲ್ಲೇ ನಿಂತಿದ್ದೆ.

ಹೊರಡುವ ಮುಂಚೆ ಅವಳು ಮಗುವನ್ನು ಕೆಳಗಿಳಿಸಿ ನನಗೆ ಕೈಮುಗಿದಳು. ಜೀಪ್ ಕೊಟ್ಟಿದ್ದಕ್ಕೆ.